ತಾಯ್ನುಡಿಯಲ್ಲಿ ಸ್ವರ ಕಲಿಸಿದ ಮೇಷ್ಟ್ರು

ಬೆಲ್ಜಿಯಂ ದೇಶದ ಟೀಮ್ ಜೊತೆ ಕೆಲಸ ಮಾಡುವವರಿಗೆ ಒಂದು ವಿಷಯ ಗೊತ್ತಿರುತ್ತೆ. ಜುಲೈ ತಿಂಗಳಲ್ಲಿ ಅವರ ಕ್ಯಾಲೆಂಡರ್ ನೋಡಿಯೇ ಮೀಟಿಂಗ್ ಹಾಕಬೇಕು. ಜುಲೈ 21 ಇಡೀ ದೇಶದ ರಾಷ್ಟ್ರೀಯ ದಿನ. ಅದಕ್ಕೂ ಹತ್ತು ದಿನ ಮೊದಲು, ಜುಲೈ 11ಕ್ಕೆ, ಇನ್ನೊಂದು ಹಬ್ಬ. ಅದು ದೇಶದ ಉತ್ತರ ಭಾಗದ, ಡಚ್ ಮಾತಾಡುವ ಫ್ಲಾಂಡರ್ಸ್ ಜನರದ್ದು ಮಾತ್ರ. ದಕ್ಷಿಣದ ಫ್ರೆಂಚ್ ಭಾಷಿಕರಿಗೆ ಸೆಪ್ಟೆಂಬರ್ 27 ಬೇರೆಯೇ ಇದೆ. ನಮ್ಮ ಪ್ರಾಜೆಕ್ಟಿನ ಆಂಟ್ವರ್ಪ್ ಸಹೋದ್ಯೋಗಿಯೊಬ್ಬ ಪ್ರತಿ ವರ್ಷ ಜುಲೈ 11ಕ್ಕೆ ತಪ್ಪದೆ ರಜೆ ಹಾಕ್ತಾನೆ. "ಏನಪ್ಪಾ ವಿಶೇಷ?" ಅಂತ ಕೇಳಿದ್ದಕ್ಕೆ, 1302ರಲ್ಲಿ ಕೋರ್ಟ್ರೈಕ್ ಅನ್ನೋ ಊರಿನ ಹತ್ತಿರ ನಮ್ಮ ಕಾಲಾಳುಗಳು ಫ್ರೆಂಚ್ ಕುದುರೆ ಸವಾರರನ್ನು ಸೋಲಿಸಿದ್ರು ಅಂದ. ಏಳುನೂರು ವರ್ಷ ಹಳೆಯ ಯುದ್ಧ! ಆಮೇಲೆ ಅವನೇ ಒಂದು ಮಾತು ಸೇರಿಸಿದ: "ಯುದ್ಧ ಯಾರಿಗೂ ನೆನಪಿರಲ್ಲ. ಆದ್ರೆ ಹಾಡು ಎಲ್ಲರಿಗೂ ಗೊತ್ತು."

ಆ ಹಾಡಿನ ಬೆನ್ನು ಹತ್ತಿ ಹೋದಾಗ ಸಿಕ್ಕ ಕಥೆ ಇದು.

ಹಾಡಿನ ಹೆಸರು 'ಡೆ ವ್ಲಾಮ್ಸೆ ಲೇವ್'. ಫ್ಲಾಂಡರ್ಸ್‌ನ ಸಿಂಹ ಅಂತ ಅರ್ಥ. ಬರೆದದ್ದು 1847ರಲ್ಲಿ. ಬರೆದವರು ಹಿಪೊಲೀತ್ ವಾನ್ ಪೇನ, ವೃತ್ತಿಯಲ್ಲಿ ಡಾಕ್ಟರು, ಪ್ರವೃತ್ತಿಯಲ್ಲಿ ನಾಟಕಕಾರ. ರಾಗ ಹಾಕಿದವರು ಗೆಂಟ್ ನಗರದ ಕಾರೆಲ್ ಮಿರಿ. ಅದಕ್ಕೂ ಒಂಬತ್ತು ವರ್ಷ ಮೊದಲು, 1838ರಲ್ಲಿ, ಹೆಂಡ್ರಿಕ್ ಕಾನ್ಸಿಯಾನ್ಸ್ ಅನ್ನೋ ಕಾದಂಬರಿಕಾರ ಆ 1302ರ ಯುದ್ಧದ ಮೇಲೆ ಹೆಚ್ಚುಕಮ್ಮಿ ಇದೇ ಹೆಸರಿನ ಕಾದಂಬರಿ ಬರೆದು ಮನೆಮಾತಾಗಿದ್ದರು. ಅಂದ್ರೆ ಮೊದಲು ಕಾದಂಬರಿ, ಆಮೇಲೆ ಹಾಡು. ನಮ್ಮಲ್ಲಿ ಸಿನಿಮಾ ಹಿಟ್ ಆದ ಮೇಲೆ ಡೈಲಾಗು ಆಟೋ ಹಿಂದೆ ಬರುತ್ತಲ್ಲ, ಹಾಗೆ.

ಒಂದು ತಮಾಷೆ ನೋಡಿ. ಫ್ರೆಂಚ್ ಪ್ರಭಾವ ಬೇಡ, ನಮ್ಮತನ ಬೇಕು ಅಂತ ಹುಟ್ಟಿದ ಈ ಹಾಡಿನ ಪಲ್ಲವಿಗೆ ಸ್ಫೂರ್ತಿ, ರೈನ್ ನದಿಯ ಬಗ್ಗೆ ಜರ್ಮನ್ ಕವಿ ನಿಕೊಲಾಸ್ ಬೆಕರ್ ಬರೆದ ಪದ್ಯ. ರಾಗದಲ್ಲೂ ಶೂಮನ್ ಅವರ ಒಂದು ಜರ್ಮನ್ ಗೀತೆಯ ನೆರಳಿದೆ ಅಂತ ಸಂಗೀತ ಬಲ್ಲವರು ಹೇಳ್ತಾರೆ. ಪಕ್ಕದ ಮನೆಯವರ ಮೇಲಿನ ಸಿಟ್ಟಿಗೆ ಆಚೆ ಮನೆಯಿಂದ ಸಾಲ ತಂದ ಹಾಗಾಯ್ತು! ಇದರಿಂದ ಹಾಡಿನ ಬೆಲೆ ಕಮ್ಮಿ ಆಯ್ತು ಅಂತ ನನಗನ್ನಿಸಲ್ಲ. 'ನಮ್ಮದೇ' ಅನ್ನೋ ಸಂಗೀತದ ಬೇರು ಕೆದಕಿದ್ರೆ ಎಲ್ಲಾದರೂ ಒಂದು ಕಡೆ ಬೇಲಿ ದಾಟಿಯೇ ಇರುತ್ತೆ.

ಕೊನೆಗೆ 1973ರಲ್ಲಿ ಅದು ಅಧಿಕೃತ ನಾಡಗೀತೆ ಆಯ್ತು. ಅದೂ ಪೂರ್ತಿ ಹಾಡಲ್ಲ, ಮೊದಲ ಎರಡು ಚರಣ ಮಾತ್ರ. ಇದನ್ನು ಓದಿದಾಗ ನಗು ಬಂತು. ನಮ್ಮಲ್ಲೂ 2004ರಲ್ಲಿ ಕುವೆಂಪು ಅವರ ಗೀತೆ ನಾಡಗೀತೆ ಆದ ಮೇಲೆ ಯಾವ ರಾಗ, ಎಷ್ಟು ನಿಮಿಷ ಅಂತ ವರ್ಷಗಟ್ಟಲೆ ಚರ್ಚೆ ನಡೀತು. 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಸರ್ಕಾರ ಆದೇಶ ಮಾಡಿತು. ನಾಡಗೀತೆ ಅಂದ ಮೇಲೆ ಗಡಿಯಾರವೂ ಬೇಕು, ಕತ್ತರಿಯೂ ಬೇಕು.

ಆದರೆ ಒಂದು ಹಾಡಿನಿಂದ ಸಂಗೀತ ಪರಂಪರೆ ಹುಟ್ಟಲ್ಲ. ಅದಕ್ಕೆ ಮೇಷ್ಟ್ರು ಬೇಕು, ಕ್ಲಾಸ್‌ರೂಮ್ ಬೇಕು, ಪಾಠ ಯಾವ ಭಾಷೆಯಲ್ಲಿ ಅನ್ನೋ ಜಗಳವೂ ಬೇಕು. ಇಲ್ಲಿ ಬರ್ತಾರೆ ನಮ್ಮ ಇವತ್ತಿನ ನಾಯಕ, ಪೀಟರ್ ಬೆನ್ವಾ.

ಮೊದಲು ಸ್ವಲ್ಪ ಹಿನ್ನೆಲೆ. ಬೆಲ್ಜಿಯಂ ದೇಶ ಆಗಿದ್ದು 1830ರಲ್ಲಿ. ಉತ್ತರದ ಹಳ್ಳಿ, ಪೇಟೆಗಳಲ್ಲಿ ಜನ ಆಡ್ತಿದ್ದದ್ದು ಡಚ್‌ನ ಫ್ಲೆಮಿಶ್ ರೂಪಗಳು. ಆದ್ರೆ ಸರ್ಕಾರ, ಕೋರ್ಟು, ಸೈನ್ಯ, ಕಾಲೇಜು, ದೊಡ್ಡ ಮನೆಗಳ ಊಟದ ಟೇಬಲ್ಲು ಎಲ್ಲ ಫ್ರೆಂಚ್. ಫ್ಲಾಂಡರ್ಸ್‌ನಲ್ಲೇ ಹುಟ್ಟಿ ಬೆಳೆದ ಶ್ರೀಮಂತರೂ ಮಕ್ಕಳ ಜೊತೆ ಫ್ರೆಂಚ್, ಕೆಲಸದವರ ಜೊತೆ ಫ್ಲೆಮಿಶ್. ಈ ಚಿತ್ರ ನಿಮಗೆ ಎಲ್ಲೋ ನೋಡಿದ ಹಾಗಿದ್ರೆ ಅದು ನಿಮಗೆ ಬಿಟ್ಟದ್ದು.

ಸಂಗೀತದಲ್ಲೂ ಇದೇ ಕಥೆ. ಬ್ರಸೆಲ್ಸ್‌ನ ಸಂಗೀತ ಕಾಲೇಜಿನಲ್ಲಿ ಪಾಠ ಫ್ರೆಂಚ್‌ನಲ್ಲಿ. ಹಾಡಬೇಕಾದ್ದೂ ಫ್ರೆಂಚ್ ಪಠ್ಯ. ಹೆಸರು ಮಾಡಬೇಕು ಅಂದ್ರೆ ಪ್ಯಾರಿಸ್ ರೈಲು ಹತ್ತಬೇಕು.

ಬೆನ್ವಾ ಹುಟ್ಟಿದ್ದು 1834ರಲ್ಲಿ, ಕೋರ್ಟ್ರೈಕ್ ಪಕ್ಕದ ಹಾರೆಲ್ಬೇಕ ಅನ್ನೋ ಸಣ್ಣ ಊರಲ್ಲಿ. ಹೌದು, ಅದೇ 1302ರ ಯುದ್ಧಭೂಮಿಯ ಹತ್ತಿರ. (ಅಂದ ಹಾಗೆ, ಫ್ಲೆಮಿಶ್ ಹೋರಾಟಗಾರನ ಮನೆತನದ ಹೆಸರೇ ಫ್ರೆಂಚ್! ಗಡಿನಾಡಿನ ಹೆಸರುಗಳೇ ಹಾಗೆ.) ಚಿಕ್ಕಂದಿನಲ್ಲಿ ಪಾಠ ಪಕ್ಕದ ಹಳ್ಳಿಯ ಚರ್ಚಿನ ಆರ್ಗನ್ ಮೇಷ್ಟ್ರ ಹತ್ತಿರ. 1851ರಲ್ಲಿ ಬ್ರಸೆಲ್ಸ್ ಕಾಲೇಜು, ಅಲ್ಲಿ ಗುರು ಫೆತಿಸ್, ಆ ಕಾಲದ ಯುರೋಪಿನ ದೊಡ್ಡ ಸಂಗೀತ ವಿದ್ವಾಂಸ. 1857ರಲ್ಲಿ ಬೆಲ್ಜಿಯಂನ 'ಪ್ರಿ ದ ರೋಮ್' ಅನ್ನೋ ದೊಡ್ಡ ಬಹುಮಾನ ಬಂತು. ಗೆದ್ದ ಕೃತಿ ಫ್ರೆಂಚ್ ಪಠ್ಯದ್ದು. ಆಗ ಬೇರೆ ದಾರಿಯೂ ಇರಲಿಲ್ಲ.

ಬಹುಮಾನದ ದುಡ್ಡಲ್ಲಿ ಜರ್ಮನಿ ಸುತ್ತಿದರು. ಲೈಪ್‌ಜಿಗ್, ಡ್ರೆಸ್ಡೆನ್, ಬರ್ಲಿನ್, ಮ್ಯೂನಿಕ್. ನನಗನ್ನಿಸೋದು, ಅವರ ತಲೆಯಲ್ಲಿ ದೀಪ ಹತ್ತಿದ್ದು ಅಲ್ಲೇ. ಜರ್ಮನರು ತಮ್ಮ ಭಾಷೆಯಲ್ಲೇ ಹಾಡ್ತಾರೆ, ತಮ್ಮ ಹಳ್ಳಿ ಹಾಡುಗಳನ್ನೇ ಎತ್ತಿಕೊಂಡು ದೊಡ್ಡ ಕೃತಿ ಕಟ್ತಾರೆ, ಅದನ್ನು ಕೇಳಿ ಯಾರೂ ಹಳ್ಳಿಗುಗ್ಗು ಅನ್ನಲ್ಲ. ಹಾಗಿದ್ರೆ ನಾವ್ಯಾಕೆ ಆಗಬಾರದು?

ಆದ್ರೂ ನೇರ ಮನೆಗೆ ಬರಲಿಲ್ಲ. 1859ರಲ್ಲಿ ಅವರೂ ಪ್ಯಾರಿಸ್‌ಗೆ ಹೋದರು. ಒಂದು ಒಪೆರಾ ಬರೆದು ಅಲ್ಲಿನ ಥಿಯೇಟರಿಗೆ ಕೊಟ್ಟರು. ಒಪ್ಪಿಕೊಂಡರು, ಆದ್ರೆ ರಂಗಕ್ಕೆ ತರಲೇ ಇಲ್ಲ. ಹೊಟ್ಟೆಪಾಡಿಗೆ ಆಫೆನ್‌ಬಾಕ್‌ನ ಹಾಸ್ಯ ಒಪೆರಾಗಳ 'ಬೂಫ್ ಪ್ಯಾರಿಸಿಯನ್' ಥಿಯೇಟರಿನಲ್ಲಿ ವಾದ್ಯವೃಂದ ನಡೆಸಿದರು. ಆಗ ವಯಸ್ಸು ಮೂವತ್ತರ ಹತ್ತಿರ. ಆ ವಯಸ್ಸಿನಲ್ಲಿ ದೊಡ್ಡ ಊರಲ್ಲಿ ಕೂತು, 'ಇಲ್ಲೇ ಇನ್ನೊಂದೆರಡು ವರ್ಷ ನೋಡೋಣ, ಇಲ್ಲಾಂದ್ರೆ ಊರಿಗೆ ಹೋಗೋಣ' ಅಂತ ಲೆಕ್ಕ ಹಾಕೋದು ಯಾರಿಗೆ ಗೊತ್ತಿಲ್ಲ? ಬೆನ್ವಾ 1863ರಲ್ಲಿ ವಾಪಸ್ ಬಂದರು.

ಇದೇ ಹೊತ್ತಲ್ಲಿ ಇನ್ನೊಬ್ಬ ಫ್ಲೆಮಿಶ್ ಹುಡುಗನ ದಾರಿ ನೋಡಿ. ಫ್ರಾಂಸ್ವಾ ಗೆವಾರ್ಟ್. ಇವರೂ ಪೂರ್ವ ಫ್ಲಾಂಡರ್ಸ್‌ನ ಹಳ್ಳಿಯವರೇ. ಪ್ಯಾರಿಸ್‌ನಲ್ಲಿ ಗೆದ್ದರು, ಅಲ್ಲಿನ ಒಪೆರಾದಲ್ಲಿ ಸಂಗೀತ ನಿರ್ದೇಶಕರಾದರು, 1871ರಲ್ಲಿ ಬ್ರಸೆಲ್ಸ್ ಕಾಲೇಜಿನ ಮುಖ್ಯಸ್ಥರಾಗಿ ಬಂದು ದೇಶದ ಸಂಗೀತಕ್ಕೇ ಯಜಮಾನರಾದರು. ಇಬ್ಬರಲ್ಲಿ ಯಾರು ಸರಿ ಅಂತ ಕೇಳಬೇಡಿ. ಗೆವಾರ್ಟ್ ದೊಡ್ಡ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನ್ನ ಮನಸ್ಸು ಯಾಕೋ ವಾಪಸ್ ಬಂದವನ ಕಡೆಗೇ ವಾಲುತ್ತೆ.

ವಾಪಸ್ ಬಂದ ಮೇಲೆ ಬೆನ್ವಾ ಪಠ್ಯ ಬದಲಿಸಿದರು. ಕವಿ ಎಮಾನುಯೆಲ್ ಹೀಲ್ ಫ್ಲೆಮಿಶ್‌ನಲ್ಲಿ ಬರೆದುಕೊಟ್ಟರು, ಬೆನ್ವಾ 'ಲೂಸಿಫರ್' ಅನ್ನೋ ಭಾರೀ ಗಾನಕೃತಿ ಕಟ್ಟಿದರು. 1866ರಲ್ಲಿ ಬ್ರಸೆಲ್ಸ್‌ನಲ್ಲೇ, ಫ್ರೆಂಚ್ ಕೋಟೆಯ ಒಳಗೇ, ಅದರ ಮೊದಲ ಪ್ರದರ್ಶನ. ಆಮೇಲೆ ಅದೇ ಜೋಡಿಯಿಂದ 'ಡೆ ಸ್ಕೆಲ್ಡೆ'. ಆಂಟ್ವರ್ಪ್ ಪಕ್ಕ ಹರಿಯುವ ನದಿಯ ಹೆಸರು ಅದು.

ಲೂಸಿಫರ್ ಆದ ಮರುವರ್ಷ, 1867ರಲ್ಲಿ, ಆಂಟ್ವರ್ಪ್ ನಗರದವರು ಸಂಗೀತ ಶಾಲೆ ನಡೆಸಿ ಅಂತ ಬೆನ್ವಾರನ್ನು ಕರೆದರು. ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಪಾಠ ಫ್ಲೆಮಿಶ್‌ನಲ್ಲಿ ಆಗಬೇಕು. ಶಾಲೆಯ ಹೆಸರಲ್ಲೇ 'ಫ್ಲೆಮಿಶ್ ಸಂಗೀತ ಶಾಲೆ' ಅಂತ ಇತ್ತು. ಕಾಕತಾಳೀಯವೋ ಏನೋ, ಅದೇ 1867ರಲ್ಲಿ 'ಪ್ರಿ ದ ರೋಮ್' ಬಹುಮಾನವನ್ನು ಹೆನ್ರಿ ವಾಲ್ಪುಟ್ ಫ್ಲೆಮಿಶ್ ಪಠ್ಯದ ಕೃತಿಗೆ ಗೆದ್ದರು. ಸ್ಪರ್ಧೆಯ ನಿಯಮ ಸಡಿಲ ಆಗಿ ಆಗಿನ್ನೂ ಎರಡೇ ವರ್ಷ. ಬೆನ್ವಾ ಗೆದ್ದಾಗ ಮುಚ್ಚಿದ್ದ ಬಾಗಿಲು ಹತ್ತೇ ವರ್ಷದಲ್ಲಿ ತೆರೆದಿತ್ತು.

ಸಂಗೀತ ಪಾಠಕ್ಕೆ ಭಾಷೆ ಯಾವುದಾದರೇನು, ಸರಿಗಮ ಸರಿಗಮವೇ ಅಲ್ವಾ ಅಂತ ನೀವು ಕೇಳಬಹುದು. 'ಸಂಗೀತಕ್ಕೆ ಭಾಷೆಯಿಲ್ಲ' ಅನ್ನೋದು ನಮ್ಮ ವಾಟ್ಸಾಪ್ ಸ್ಟೇಟಸ್‌ಗಳ ಅಚ್ಚುಮೆಚ್ಚಿನ ಸಾಲು ಕೂಡ. ಬೆನ್ವಾ ಇದನ್ನು ಒಪ್ಪುತ್ತಿರಲಿಲ್ಲ. ಅವರ ವಾದ ಸರಳ. ಮಗು ಮೊದಲು ಮಾತು ಕೇಳುತ್ತೆ. ಮಾತಿನಲ್ಲೇ ಏರಿಳಿತ ಇದೆ, ಒತ್ತು ಇದೆ, ನಿಲುಗಡೆ ಇದೆ. ರಾಗ ಹುಟ್ಟೋದು ಆ ಮಾತಿನೊಳಗಿಂದ. ಫ್ರೆಂಚ್‌ನಲ್ಲಿ ಒತ್ತು ಬೀಳೋದು ಪದಗುಚ್ಛದ ಕೊನೆಗೆ. ಡಚ್‌ನಲ್ಲಿ ಹೆಚ್ಚಾಗಿ ಪದದ ಮೊದಲಿಗೇ ಗುದ್ದು. ಫ್ರೆಂಚ್ ಲಯದಲ್ಲಿ ಹಾಡಲು ಕಲಿತ ಫ್ಲೆಮಿಶ್ ಹುಡುಗಿ ತನ್ನ ಅಜ್ಜಿಯ ಜೋಗುಳ ಹಾಡಿದ್ರೂ ಅದು ಪರದೇಶಿಯಾಗಿ ಕೇಳುತ್ತೆ. ಹಾಗಾಗಿ ಅವರ ಶಾಲೆಯಲ್ಲಿ ಸ್ವರದಷ್ಟೇ ಮುಖ್ಯ ಆಗಿದ್ದು ಮಾತು. ಕವಿತೆ ಓದುವುದು, ಸ್ಪಷ್ಟವಾಗಿ ಉಚ್ಚರಿಸುವುದು, ಜನಪದ ಹಾಡು ಹಾಡುವುದು.

ಈ ತತ್ವವನ್ನು ಅವರು ಸ್ವಲ್ಪ ಅತಿಗೇ ಎಳೆದರು ಅನ್ನಿ. 1876ರ 'ಶಾರ್ಲಟ್ ಕಾರ್ಡೇ' ಮತ್ತು 'ಗೆಂಟ್ ಒಪ್ಪಂದ' ಅನ್ನೋ ರಂಗಕೃತಿಗಳಲ್ಲಿ ನಟರು ಹಾಡೋದೇ ಇಲ್ಲ. ಮಾತಾಡ್ತಾರೆ, ಹಿಂದೆ ವಾದ್ಯವೃಂದ ನುಡಿಸುತ್ತೆ. ಇಡೀ ನಾಟಕಕ್ಕೆ ಬ್ಯಾಕ್‌ಗ್ರೌಂಡ್ ಸ್ಕೋರ್ ಅಂದುಕೊಳ್ಳಿ. ಐಡಿಯಾ ಚೆನ್ನಾಗಿದೆ, ಆದ್ರೆ ಆ ದಾರಿಯಲ್ಲಿ ಹೆಚ್ಚು ಜನ ಹಿಂದೆ ಬರಲಿಲ್ಲ.

ಭಾಷೆ ಮತ್ತು ಪಾಠದ ವಿಷಯ ಬಂದಾಗ ನನಗೆ ನೆನಪಾಗೋದು ಪುರಂದರದಾಸರು. ಸರಳೆ ವರಸೆ, ಜಂಟಿ ವರಸೆ, ಅದಕ್ಕೊಂದು ಮಾಯಾಮಾಳವಗೌಳ, ಆಮೇಲೆ ಪಿಳ್ಳಾರಿ ಗೀತೆ. ಹೊಸಬರಿಗೆ ಈ ಮೆಟ್ಟಿಲು ಕಟ್ಟಿಕೊಟ್ಟವರು ದಾಸರು ಅಂತ ಪರಂಪರೆ ಹೇಳುತ್ತೆ. ಚೆನ್ನೈಯಲ್ಲಿ ತಮಿಳು ಮಗು ಕೂಡ ಆರಂಭದ ಪಾಠದಲ್ಲಿ ದಾಸರ ಹಾಡನ್ನೇ ಬಾಯಿಪಾಠ ಮಾಡುತ್ತೆ. ಮುಂದಿನ ತರಗತಿಗೆ ಹೋದಂತೆ ತೆಲುಗು, ಸಂಸ್ಕೃತ ಕೃತಿಗಳು ಹೆಚ್ಚಾಗ್ತವೆ, ಅದು ಬೇರೆ ಮಾತು. ಈಗ ನನ್ನ ಅಕ್ಕನ ಮಗಳು ಮೊಬೈಲ್ ಆ್ಯಪ್‌ನಲ್ಲಿ ಕೀಬೋರ್ಡ್ ಕಲೀತಿದ್ದಾಳೆ. ಸೂಚನೆ ಇಂಗ್ಲಿಷ್, ಹಾಡು ಇಂಗ್ಲಿಷ್, ತಪ್ಪಿದಾಗ ಬರೋ ಸಮಾಧಾನವೂ ಇಂಗ್ಲಿಷ್. ಚೆನ್ನಾಗಿಯೇ ನುಡಿಸ್ತಾಳೆ. ಆದ್ರೆ ಅವಳಿಗೆ ಗೊತ್ತಿರೋ ಕನ್ನಡ ಹಾಡನ್ನು ನುಡಿಸು ಅಂದ್ರೆ, "ಅದು ಆ್ಯಪ್‌ನಲ್ಲಿ ಇಲ್ಲ ಚಿಕ್ಕಮ್ಮ" ಅಂತಾಳೆ. ಆ ಮಾತು ಕೇಳಿದಾಗ ಬೆನ್ವಾ ವಾದ ಪುಸ್ತಕದಿಂದ ಎದ್ದು ಬಂದು ನಮ್ಮ ಹಾಲ್‌ನಲ್ಲಿ ಕೂತ ಹಾಗಾಯ್ತು.

ಇರಲಿ, ಆಂಟ್ವರ್ಪ್‌ಗೆ ಹೋಗೋಣ. ಬೆನ್ವಾ ಜೀವನದ ದೊಡ್ಡ ದಿನಗಳು ಬಂದಿದ್ದು 1877ರ ಆಗಸ್ಟ್‌ನಲ್ಲಿ. ಚಿತ್ರಕಾರ ರೂಬೆನ್ಸ್ ಹುಟ್ಟಿ 300 ವರ್ಷ. ನಗರಕ್ಕೆ ನಗರವೇ ಹಬ್ಬ. ಯೂಲಿಯಸ್ ಡೆ ಗೇಟರ್ ಬರೆದ ಪಠ್ಯಕ್ಕೆ ಬೆನ್ವಾ ಸಂಗೀತ ಹಾಕಿದರು, ಜನರ ಬಾಯಲ್ಲಿ ಅದು 'ರೂಬೆನ್ಸ್ ಕ್ಯಾಂಟಾಟಾ'. ಹಾಡಿದ್ದು ಟಿಕೆಟ್ ಕೊಟ್ಟು ಒಳಗೆ ಹೋಗುವ ಸಭಾಂಗಣದಲ್ಲಿ ಅಲ್ಲ. ಖ್ರೂನ್‌ಪ್ಲಾಟ್ಸ್ ಅನ್ನೋ ಬಯಲು ಚೌಕದಲ್ಲಿ, ರೂಬೆನ್ಸ್ ಪ್ರತಿಮೆಯ ಎದುರು, ಪಕ್ಕದಲ್ಲಿ ದೊಡ್ಡ ಕೆಥೀಡ್ರಲ್. ಹೆಂಗಸರು, ಗಂಡಸರು, ಮಕ್ಕಳು ಬೇರೆಬೇರೆ ಗುಂಪುಗಳಾಗಿ ಹಾಡ್ತಾರೆ. ನಡುವೆ ಕೆಥೀಡ್ರಲ್ ಗೋಪುರದಿಂದ ತುತ್ತೂರಿ, ಗಂಟೆಗಳು! ಅಂದ್ರೆ ಆ ಕೃತಿಯಲ್ಲಿ ನಗರವೇ ಒಂದು ವಾದ್ಯ. ಗಂಟೆಗಳ ಬಗ್ಗೆ ಇರುವ ಭಾಗ ಇವತ್ತಿಗೂ ಆಂಟ್ವರ್ಪ್ ಜನಕ್ಕೆ ಬಾಯಿಗೆ ಬರುತ್ತೆ. ನಮ್ಮ ಸಹೋದ್ಯೋಗಿ ಕೂಡ ಒಂದು ಕಾಲ್‌ನ ಕೊನೆಗೆ ಗುನುಗಿ ತೋರಿಸಿದ. ಶ್ರುತಿಯ ಬಗ್ಗೆ ನಾನೇನೂ ಹೇಳಲ್ಲ.

ಸಂಗೀತ ವಿಮರ್ಶಕರು ಬೆನ್ವಾ ಕೃತಿಗಳನ್ನು ಗದ್ದಲದವು, ಗೋಡೆಗೆ ಬಳಿಯುವ ದೊಡ್ಡ ಬ್ರಷ್ಷಿನಲ್ಲಿ ಬರೆದವು ಅಂತ ಟೀಕಿಸಿದ್ದುಂಟು. ಕೇಳಿದ ಮೇಲೆ ನನಗೂ ಹಾಗನ್ನಿಸಿತು. ಇಯರ್‌ಫೋನ್ ಹಾಕಿಕೊಂಡು ಮೆಟ್ರೋದಲ್ಲಿ ಕೇಳೋ ಸಂಗೀತ ಅಲ್ಲ ಅದು. ಸಾವಿರಾರು ಜನ ಒಂದು ಚೌಕದಲ್ಲಿ ನಿಂತಿರುವಾಗ ಹಿಂದಿನ ಸಾಲಿಗೂ ಕೇಳಲಿ ಅಂತ ಬರೆದದ್ದು. ಮಕ್ಕಳಿಗಾಗಿಯೇ ಅವರು ದೊಡ್ಡ ಕ್ಯಾಂಟಾಟಾಗಳನ್ನು ಬರೆದರು. ಕೇಳೋಕೆ ಬಂದ ಅಪ್ಪ ಅಮ್ಮಂದಿರಿಗೆ ವೇದಿಕೆ ಮೇಲಿನ ಪ್ರತಿ ಪದ ಅರ್ಥ ಆಗ್ತಿತ್ತು. ಒಪೆರಾ ಹೌಸ್‌ಗೆ ಹೋಗಿ ಫ್ರೆಂಚ್ ಅರ್ಥವಾಗದೆ ಪಕ್ಕದವರು ಚಪ್ಪಾಳೆ ತಟ್ಟಿದಾಗ ತಟ್ಟುವ ಜನಕ್ಕೆ ಇದು ಎಂಥಾ ಸುಖ ಇದ್ದಿರಬೇಕು!

ಶಾಲೆಗೆ ಸರ್ಕಾರದ ಪೂರ್ತಿ ಮಾನ್ಯತೆ ಸಿಗೋಕೆ ಮೂವತ್ತೊಂದು ವರ್ಷ ಬೇಕಾಯ್ತು. 1898ರಲ್ಲಿ ಅದು 'ರಾಯಲ್ ಫ್ಲೆಮಿಶ್ ಕನ್ಸರ್ವೇಟರಿ' ಆಯ್ತು. ಬ್ರಸೆಲ್ಸ್ ಕಾಲೇಜಿಗೆ ಸಮಾನ ಸ್ಥಾನ. ಅದೇ 1898ರಲ್ಲಿ ಬೆಲ್ಜಿಯಂ ಸಂಸತ್ತು 'ಸಮಾನತೆ ಕಾಯ್ದೆ' ಪಾಸ್ ಮಾಡಿತು: ಕಾನೂನುಗಳ ಡಚ್ ಪಠ್ಯಕ್ಕೂ ಫ್ರೆಂಚ್ ಪಠ್ಯದಷ್ಟೇ ಬೆಲೆ. ಬೆನ್ವಾ ಇದನ್ನೆಲ್ಲ ನೋಡಿದರು. 1901ರ ಮಾರ್ಚ್‌ನಲ್ಲಿ ತೀರಿಕೊಂಡರು.

ಅವರ ಜಾಗಕ್ಕೆ ಬಂದದ್ದು ಅವರದೇ ಶಿಷ್ಯ ಯಾನ್ ಬ್ಲಾಕ್ಸ್. ಇವರು ಗುರುವಿಗಿಂತ ಹಗುರ ಕೈಯವರು, ಕುಣಿಯುವ ಲಯ ಇಷ್ಟ. 1896ರ 'ಹೆರ್ಬೆರ್ಗ್‌ಪ್ರಿನ್ಸೆಸ್', ಅಂದ್ರೆ 'ಛತ್ರದ ರಾಜಕುಮಾರಿ' ಅನ್ನೋ ಒಪೆರಾ ಭರ್ಜರಿ ಹಿಟ್ ಆಯ್ತು. ಎಷ್ಟು ಹಿಟ್ ಅಂದ್ರೆ ಫ್ರೆಂಚ್‌ಗೆ ಅನುವಾದ ಆಗಿ ಬ್ರಸೆಲ್ಸ್ ಸೇರಿ ಬೇರೆ ಊರುಗಳಲ್ಲೂ ಓಡಿತು. ಒಂದು ಕಾಲದಲ್ಲಿ ಫ್ಲೆಮಿಶರು ಫ್ರೆಂಚ್ ಒಪೆರಾಗೆ ಕಾಯ್ತಿದ್ದರು, ಈಗ ಉಲ್ಟಾ. ನನಗಂತೂ ಇದು ಎಲ್ಲ ಭಾಷಣಗಳಿಗಿಂತ ದೊಡ್ಡ ಗೆಲುವು ಅನ್ನಿಸುತ್ತೆ.

ಮುಂದೆ 1924ರಿಂದ ಅದೇ ಕುರ್ಚಿಯಲ್ಲಿ ಕೂತ ಲೋಡೆವೈಕ್ ಮೊರ್ಟೆಲ್ಮನ್ಸ್ ಇನ್ನೂ ಬೇರೆ ಥರ. ಗದ್ದಲ ಇಲ್ಲ, ಚೌಕ ಇಲ್ಲ. ಗೀಡೊ ಗೆಜೆಲ್ ಅನ್ನೋ ಪಾದ್ರಿ ಕವಿ ಇದ್ದರು, ಪಶ್ಚಿಮ ಫ್ಲಾಂಡರ್ಸ್‌ನ ಹಳ್ಳಿ ಮಾತಿನಲ್ಲಿ ಹುಲ್ಲು, ನೀರು, ಹಕ್ಕಿ ಬಗ್ಗೆ ಬರೆದವರು. ಅವರ ಕವಿತೆಗಳಿಗೆ ಮೊರ್ಟೆಲ್ಮನ್ಸ್ ಪಿಯಾನೋ ಜೊತೆ ಒಬ್ಬರೇ ಹಾಡುವ ಗೀತೆಗಳನ್ನು ಬರೆದರು. ನಮ್ಮ ಭಾವಗೀತೆಗಳ ಹಾಗೆ. ಬೆನ್ವಾ ಕಲಿಸಿದ 'ಮಾತಿನಿಂದ ರಾಗ' ಅನ್ನೋ ಪಾಠ ನಿಜವಾಗಿ ಹಣ್ಣಾಗಿದ್ದು ಈ ಸಣ್ಣ ಹಾಡುಗಳಲ್ಲಿ ಅಂತ ನನ್ನ ಅಭಿಪ್ರಾಯ. ಗುರುವೇ ಕಟ್ಟಿದ ದೊಡ್ಡ ಕೃತಿಗಳಲ್ಲಿ ಅಲ್ಲ.

ಗಂಟೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಫ್ಲಾಂಡರ್ಸ್‌ನ ಗೋಪುರಗಳಲ್ಲಿ ಹತ್ತಾರು ಗಂಟೆಗಳನ್ನು ಸಾಲಾಗಿ ಜೋಡಿಸಿ, ಕೀಲಿಮಣೆಯಿಂದ ನುಡಿಸುವ ವಾದ್ಯ ಇದೆ, ಕ್ಯಾರಿಲಾನ್ ಅಂತ. ಮುಷ್ಟಿಯಿಂದ ಗುದ್ದಿ ನುಡಿಸಬೇಕು, ಕಾಲಿಗೂ ಕೆಲಸ. ಮೆಖೆಲೆನ್ ಊರಿನ ಯೆಫ್ ಡೆನೈನ್ ಇದನ್ನು ಗಂಟೆ ಹೊಡೆಯುವ ಕೆಲಸದಿಂದ ಕಛೇರಿ ಕಲೆಯ ಮಟ್ಟಕ್ಕೆ ತಂದರು. 1922ರಲ್ಲಿ ಅಲ್ಲೇ ಶಾಲೆ ತೆರೆದರು, ಜಗತ್ತಿನ ಮೊದಲ ಕ್ಯಾರಿಲಾನ್ ಶಾಲೆ. ಅಮೆರಿಕದಿಂದ ಹಿಡಿದು ಎಲ್ಲೆಲ್ಲಿಂದಲೋ ಬಂದು ಕಲಿತರು. ಬೆಲ್ಜಿಯಂನಲ್ಲಿ ಈ ಕಲೆಯನ್ನು ಉಳಿಸಿಕೊಂಡ ರೀತಿಯನ್ನು 2014ರಲ್ಲಿ ಯುನೆಸ್ಕೋ ಮಾದರಿ ಅಂತ ಪಟ್ಟಿಗೆ ಸೇರಿಸಿತು. ಗಂಟೆಗೆ ಡಚ್ಚೂ ಇಲ್ಲ ಫ್ರೆಂಚೂ ಇಲ್ಲ, ಆದ್ರೂ ಅದು ಫ್ಲಾಂಡರ್ಸ್‌ನ ದನಿ. ಬೆನ್ವಾ ಸಿದ್ಧಾಂತಕ್ಕೆ ಇದು ಸಣ್ಣ ತಕರಾರು ಕೂಡ.

ಕಥೆಗೆ ಕಹಿ ಭಾಗವೂ ಇದೆ, ಮುಚ್ಚಿಟ್ಟರೆ ಮೋಸ. 1933ರಿಂದ ಆಂಟ್ವರ್ಪ್‌ನಲ್ಲಿ 'ಫ್ಲೆಮಿಶ್ ರಾಷ್ಟ್ರೀಯ ಹಾಡುಹಬ್ಬ' ಶುರುವಾಯ್ತು. ಸಾವಿರಾರು ಜನ ಒಟ್ಟಿಗೆ ಹಾಡೋದು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಯೆಫ್ ವಾನ್ ಹೋಫ್, ಅದೇ ಕನ್ಸರ್ವೇಟರಿಯಲ್ಲಿ ಕಲಿತ ಸಂಗೀತಗಾರ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಬೆಲ್ಜಿಯಂ ಆಕ್ರಮಿಸಿದಾಗ ಫ್ಲೆಮಿಶ್ ಚಳವಳಿಯ ಒಂದು ಭಾಗ ನಾಜಿಗಳ ಜೊತೆ ಕೈ ಜೋಡಿಸಿತು. ವಾನ್ ಹೋಫ್ ಆ ಆಕ್ರಮಣದ ಕಾಲದಲ್ಲೇ, 1942ರಲ್ಲಿ, ಕನ್ಸರ್ವೇಟರಿಯ ನಿರ್ದೇಶಕರಾದರು. ಬಿಡುಗಡೆಯಾದ ಮೇಲೆ ಆ ಸ್ಥಾನ ಹೋಯ್ತು. ಜರ್ಮನರು ನಮ್ಮ ಭಾಷೆಯ ಬಂಧುಗಳು ಅನ್ನೋ ಮಾತು ಬೆನ್ವಾ ಕಾಲದಲ್ಲಿ ಶೂಮನ್‌ನ ರಾಗ ತಂದುಕೊಟ್ಟಿತ್ತು. ತೊಂಬತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ ಅದೇ ಮಾತಿನ ಅರ್ಥ ಬೇರೆ ಆಗಿತ್ತು. 'ಸಿಂಹ' ಹಾಡನ್ನು ಇವತ್ತಿಗೂ ಕೆಲವು ಫ್ಲೆಮಿಶರು ಎದೆ ಉಬ್ಬಿಸಿ ಹಾಡ್ತಾರೆ, ಕೆಲವರು ಸ್ವಲ್ಪ ಮುಜುಗರದಿಂದ ಸುಮ್ಮನಿರ್ತಾರೆ. ನಮ್ಮ ಸಹೋದ್ಯೋಗಿ ಫುಟ್ಬಾಲ್ ಮೈದಾನದಲ್ಲಿ ಹಾಡ್ತಾನಂತೆ, ರಾಜಕೀಯ ಸಭೆಯಲ್ಲಿ ಬಾಯಿ ಮುಚ್ಚಿಕೊಳ್ತಾನಂತೆ.

ಬೆನ್ವಾ ಕನ್ಸರ್ವೇಟರಿ ಈಗಲೂ ಇದೆ, 'ಡೆ ಸಿಂಗೆಲ್' ಅನ್ನೋ ದೊಡ್ಡ ಕಲಾಕೇಂದ್ರದ ಕಟ್ಟಡದಲ್ಲಿ. ಬೇರೆಬೇರೆ ದೇಶದ ಹುಡುಗ ಹುಡುಗಿಯರು ಬರ್ತಾರೆ. ಈಗ ಅಲ್ಲಿ ಇಂಗ್ಲಿಷಿನಲ್ಲೂ ಪಾಠ ನಡೆಯುತ್ತೆ. ಬೆನ್ವಾ ನೋಡಿದ್ರೆ ಮೇಜು ಗುದ್ದುತ್ತಿದ್ದರೋ, ಅಥವಾ ಊರ ಮಕ್ಕಳಿಗೆ ಡಚ್ ಪಾಠ ಇದೆಯಲ್ಲ ಅಂತ ಸುಮ್ಮನಾಗ್ತಿದ್ದರೋ!

ಕೇಳಬೇಕು ಅನ್ನಿಸಿದ್ರೆ ನನ್ನ ಸಲಹೆ: ಬೆನ್ವಾ ಅವರಿಂದ ಶುರು ಮಾಡಬೇಡಿ. ಮೊದಲು ಮೊರ್ಟೆಲ್ಮನ್ಸ್ ಅವರ ಗೆಜೆಲ್ ಗೀತೆಗಳು, ರಾತ್ರಿ ಊಟ ಆದ ಮೇಲೆ. ಆಮೇಲೆ ಬ್ಲಾಕ್ಸ್ ಅವರ 'ಫ್ಲೆಮಿಶ್ ನೃತ್ಯಗಳು', ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ. ರೂಬೆನ್ಸ್ ಕ್ಯಾಂಟಾಟಾವನ್ನು ಮಾತ್ರ ಮನೆಯಲ್ಲಿ ಯಾರೂ ಇಲ್ಲದಾಗ, ಸ್ಪೀಕರ್‌ನಲ್ಲಿ, ಜೋರಾಗಿ.